ಮಡಕೆ ಎಲ್ಲಿ ಕೆಟ್ಟಿತು? ತಿಗರಿಯಿಂದ ಗ್ಲೇಜ್‌ವರೆಗೆ ದೋಷ ಹುಡುಕುವ ಬಗೆ

ಗ್ಲೇಜ್ (ಮಡಕೆಯ ಮೇಲಿನ ಗಾಜಿನಂಥ ಲೇಪ) ಸುಟ್ಟ ಕಿಲ್ನ್ (ಮಡಕೆ ಸುಡುವ ಒಲೆ) ತೆರೆಯುವ ಹೊತ್ತಿಗೆ ಒಂದು ಬಟ್ಟಲಿನ ಹಿಂದೆ ಎರಡು ಮೂರು ವಾರದ ಕೆಲಸ ಇರುತ್ತದೆ. ಮಣ್ಣು ನಾದಿ, ತಿಗರಿಯ ಮೇಲೆ ಎತ್ತಿ, ಬುಡ ಹೆರೆದು, ಒಣಗಿಸಿ, ಬಿಸ್ಕ್ (ಗ್ಲೇಜ್ ಹಾಕುವ ಮುಂಚಿನ ಮೊದಲ ಸುಡುವಿಕೆ) ಸುಟ್ಟು, ಗ್ಲೇಜ್‌ನಲ್ಲಿ ಅದ್ದಿ, ಮತ್ತೆ ಸುಟ್ಟಿರುತ್ತೇವೆ. ಅಷ್ಟೆಲ್ಲ ಆದ ಮೇಲೆ ತಳದಲ್ಲಿ ಬಿರುಕು ಕಂಡರೆ ತುಂಬ ಸಂಕಟವಾಗುತ್ತದೆ.

ಕಲಿಯುವ ಮೊದಲ ವರ್ಷ, ಏನೇ ಕೆಟ್ಟರೂ ನಾನು ಗ್ಲೇಜ್ ಮೇಲೆ ಹಾಕುತ್ತಿದ್ದೆ, ಇಲ್ಲವೇ ಕಿಲ್ನ್ ಮೇಲೆ. ದೋಷ ಕಣ್ಣಿಗೆ ಬಿದ್ದಿದ್ದು ಅಲ್ಲೇ ಅಲ್ವಾ! ಆದರೆ ದೋಷ ಕಾಣಿಸುವ ಹಂತ ಬೇರೆ, ಅದು ಹುಟ್ಟಿದ ಹಂತ ಬೇರೆ. ಗ್ಲೇಜ್‌ನಲ್ಲಿ ಕಂಡ ಸೂಜಿತೂತು ಬುಡ ಹೆರೆದ ದಿನವೇ ಹುಟ್ಟಿರಬಹುದು. ಬಿಸ್ಕ್‌ನಲ್ಲಿ ಕಂಡ ಬಿರುಕು ತಿಗರಿಯ ಮೇಲೆ ಬಿಟ್ಟ ಒಂದು ಚಮಚ ನೀರಿನಿಂದ ಬಂದಿರಬಹುದು. ಹಾಗಾಗಿ ಇಲ್ಲಿ ಕಣ್ಣಿಗೆ ಕಾಣುವ ಲಕ್ಷಣದಿಂದ ಶುರು ಮಾಡಿ ಹಿಂದಕ್ಕೆ ಹೋಗೋಣ. ಖರ್ಚಿಲ್ಲದ ಪರೀಕ್ಷೆ ಮೊದಲು, ಗ್ಲೇಜ್ ಪಾಕ ಬದಲಿಸುವುದು ಕೊನೆಗೆ.

ಒಂದು ಎಚ್ಚರಿಕೆ ಈಗಲೇ ಹೇಳಿಬಿಡುತ್ತೇನೆ. ಸುಟ್ಟ ಗ್ಲೇಜ್ ಅಂದರೆ ಗಾಜು. ಒಡೆದ ಅಂಚನ್ನು, ಸಿಡಿದ ಚಕ್ಕೆಯನ್ನು ಬರಿಬೆರಳಿನಿಂದ ಸವರಿ ನೋಡಬೇಡಿ. ಒಳ್ಳೆಯ ಬೆಳಕು ಮತ್ತು ಒಂದು ಭೂತಗನ್ನಡಿ ಇದ್ದರೆ ಸಾಕು.

ಮುದ್ದೆ ತಿಗರಿಯ ಮೇಲೆ ಓಲಾಡುತ್ತಿದೆ, ನಡುವಿಗೆ ಬರುತ್ತಿಲ್ಲ

ಮೊದಲು ತಿಗರಿಯನ್ನು ನೋಡಿ. ಮಣ್ಣಿಲ್ಲದೆ ಖಾಲಿ ತಿರುಗಿಸಿ. ತಟ್ಟೆಯ ಅಂಚಿಗೆ ಹತ್ತಿರ ಒಂದು ಸೂಜಿಯನ್ನು ಅಲುಗದಂತೆ ಹಿಡಿಯಿರಿ. ಅಂಚು ಸೂಜಿಗೆ ಹತ್ತಿರ ಬಂದು ದೂರ ಹೋಗುತ್ತಿದ್ದರೆ ತೊಂದರೆ ತಿಗರಿಯದ್ದು. ತಟ್ಟೆಯ ಮೇಲೆ ಬ್ಯಾಟ್ (ಎತ್ತಿ ತೆಗೆಯಬಹುದಾದ ಹಲಗೆ) ಇಟ್ಟಿದ್ದರೆ ಅದರ ಪಿನ್ ಸಡಿಲವಾಗಿದೆಯಾ, ಕೆಳಗೆ ಒಣಮಣ್ಣಿನ ಚೂರು ಸಿಕ್ಕಿಕೊಂಡಿದೆಯಾ ನೋಡಿ. ಅರ್ಧ ಗಂಟೆ ಒದ್ದಾಡಿದ ಮೇಲೆ ಇಂಥ ಚೂರು ಸಿಕ್ಕಿದ್ದು ಒಂದೆರಡು ಸಲವಲ್ಲ.

ತಿಗರಿ ಸರಿಯಿದ್ದರೆ ಮಣ್ಣು ನೋಡಿ. ಮುದ್ದೆಯನ್ನು ತಂತಿಯಿಂದ ನಡುವೆ ಕತ್ತರಿಸಿ. ಒಂದು ಕಡೆ ಗಟ್ಟಿ, ಒಂದು ಕಡೆ ಮೆತ್ತಗೆ ಇದ್ದರೆ ಅಥವಾ ಗಾಳಿಗುಳ್ಳೆ ಕಂಡರೆ ನಾದಿದ್ದು ಸಾಲದು. ಎಷ್ಟೇ ಬಲ ಹಾಕಿದರೂ ಅದು ನಡುವಿಗೆ ನಿಲ್ಲುವುದಿಲ್ಲ. ಮಣ್ಣೂ ಸರಿಯಿದ್ದರೆ ಉಳಿದಿದ್ದು ಕೈ. ಮೊಣಕೈ ತೊಡೆಗೋ ಸೊಂಟಕ್ಕೋ ಊರಿರಬೇಕು. ಕೈ ತೆಗೆಯುವಾಗ ಸರಕ್ಕನೆ ತೆಗೆಯಬಾರದು. ಚೆನ್ನಾಗಿ ನಿಂತ ಮುದ್ದೆಯೂ ಆ ಒಂದು ಕ್ಷಣದಲ್ಲೇ ಪಕ್ಕಕ್ಕೆ ಹೋಗುತ್ತದೆ.

ತಳದ ನಡುವೆ ಬಳುಕಿದ ಬಿರುಕು

ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಾಗಿರುತ್ತದೆ. ಅದಕ್ಕೇ ಎಲ್ಲರೂ ಎಸ್ ಬಿರುಕು ಅನ್ನುತ್ತಾರೆ. ಒಣಗುವಾಗಲೇ ಕೂದಲೆಳೆಯಷ್ಟು ಶುರುವಾಗಿರುತ್ತದೆ. ಬಿಸ್ಕ್‌ನಲ್ಲಿ ಬಾಯಿ ಬಿಡುತ್ತದೆ. ಗ್ಲೇಜ್ ಸುಟ್ಟ ಮೇಲೆ ಇನ್ನೂ ಅಗಲವಾಗುತ್ತದೆ.

ಇದು ಯಾಕೆ ಬರುತ್ತದೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ. ಹೊಸಬರ ಕೆಲಸ ಇದರಷ್ಟು ಬೇರೆ ಯಾವ ದೋಷದಿಂದಲೂ ಹಾಳಾಗುವುದಿಲ್ಲ ಅನ್ನುವುದು ನನ್ನ ಅನುಭವ. ಗೋಡೆ ಎತ್ತುವಾಗ ಅಲ್ಲಿನ ಮಣ್ಣನ್ನು ಎರಡೂ ಬೆರಳುಗಳ ನಡುವೆ ಒತ್ತುತ್ತೇವೆ. ತಳದ ಮಣ್ಣಿಗೆ ಆ ಒತ್ತಡ ಸಿಗುವುದಿಲ್ಲ. ಮೇಲಿಂದ ಕೆಲಸ ಮಾಡುವಾಗ ಚೆಲ್ಲಿದ ನೀರೆಲ್ಲ ತಳದಲ್ಲೇ ನಿಲ್ಲುತ್ತದೆ. ಒಣಗಲು ಇಟ್ಟಾಗ ಗೋಡೆ ಬೇಗ ಒಣಗಿ ಕುಗ್ಗಿ ಗಟ್ಟಿಯಾಗುತ್ತದೆ. ತಳ ಇನ್ನೂ ಹಸಿ. ಅದು ಕುಗ್ಗಲು ಹೊರಟಾಗ ಸುತ್ತಲಿನ ಗೋಡೆ ಬಿಡುವುದಿಲ್ಲ, ಹಿಡಿದುಕೊಂಡಿರುತ್ತದೆ. ಆಗ ನಡುವೆ ಸೀಳುತ್ತದೆ. ತಿಗರಿಯ ತಿರುವು ಮಣ್ಣಿನೊಳಗೆ ಉಳಿದಿರುವುದರಿಂದ ಸೀಳು ನೇರವಾಗಿ ಹೋಗದೆ ಬಳುಕುತ್ತದೆ.

ಹೀಗೆ ಪರೀಕ್ಷೆ ಮಾಡಿ:

- ಬಿರುಕು ಬಿಟ್ಟ ಪಾತ್ರೆಯನ್ನು ಉದ್ದಕ್ಕೆ ಅರ್ಧ ಮಾಡಿ. ಸುಡದ ಹಸಿ ಪಾತ್ರೆಯಾದರೆ ತಂತಿ ಸಾಕು. ತಳದ ದಪ್ಪ ಗೋಡೆಗಿಂತ ಜಾಸ್ತಿ ಇದೆಯಾ ನೋಡಿ. ಇದ್ದರೆ ಬುಡ ಹೆರೆದಿದ್ದು ಸಾಲದು.
- ದಪ್ಪ ಸರಿಯಿದ್ದರೆ ನೀರಿನ ಬಗ್ಗೆ ಯೋಚಿಸಿ. ಮುಂದಿನ ಸಲ ಗೋಡೆ ಎತ್ತುವ ಪ್ರತಿ ಸುತ್ತಿನ ನಂತರ ಸ್ಪಂಜಿನಿಂದ ತಳದ ನೀರು ತೆಗೆಯಿರಿ.
- ಮುದ್ದೆಯನ್ನು ತೆರೆದು ತಳ ಮಾಡಿದ ಕೂಡಲೇ ಬೆರಳಿನಿಂದ ಅಥವಾ ರಿಬ್ ಎಂಬ ಚಪ್ಪಟೆ ಉಪಕರಣದಿಂದ ಅಂಚಿನಿಂದ ನಡುವಿಗೆ, ನಡುವಿನಿಂದ ಅಂಚಿಗೆ ನಾಲ್ಕೈದು ಸಲ ಒತ್ತಿ.
- ಬ್ಯಾಟ್‌ಗೆ ಅಂಟಿಕೊಂಡಂತೆಯೇ ಒಣಗಲು ಬಿಡಬೇಡಿ. ತಂತಿ ಎಳೆದು ಬಿಡಿಸಿ. ಬಾಯಿ ಸ್ವಲ್ಪ ಗಟ್ಟಿಯಾದ ಕೂಡಲೇ ಬೋರಲು ಹಾಕಿ. ತಳಕ್ಕೂ ಗಾಳಿ ಆಡಲಿ.

ನನ್ನ ಆರು ಬಟ್ಟಲುಗಳಲ್ಲಿ ನಾಲ್ಕರ ತಳ ಹೀಗೇ ಸೀಳಿತ್ತು. ಮಣ್ಣಿನ ಚೀಲವೇ ಕೆಟ್ಟದ್ದು ಅಂತ ತೀರ್ಮಾನ ಮಾಡಿದ್ದೆ. ಅದೇ ಚೀಲದ ಮಣ್ಣಿನಲ್ಲಿ ಇನ್ನೂ ಆರು ಮಾಡಿದೆ. ಈ ಸಲ ತಳವನ್ನು ಒತ್ತಿದೆ, ನೀರು ತೆಗೆದೆ, ಬೋರಲು ಹಾಕಿದೆ. ಒಂದೂ ಸೀಳಲಿಲ್ಲ.

ಬಿಸ್ಕ್ ಆದ ಮೇಲೆ ಈ ಬಿರುಕನ್ನು ಹಸಿಮಣ್ಣಿನಿಂದ ಮುಚ್ಚಲು ಹೋಗಬೇಡಿ. ಹಸಿಮಣ್ಣು ಒಣಗುವಾಗ ಕುಗ್ಗುತ್ತದೆ, ಬಿಸ್ಕ್ ಕುಗ್ಗುವುದಿಲ್ಲ. ಮುಚ್ಚಿದ್ದು ಉದುರಿಹೋಗುತ್ತದೆ. ಗ್ಲೇಜ್ ಕೂಡ ಬಿರುಕನ್ನು ತುಂಬುವುದಿಲ್ಲ.

ಬಿರುಕು ಬಾಯಿಯಲ್ಲಿ ಅಥವಾ ಹಿಡಿಯ ಹತ್ತಿರ ಇದೆ

ಬಾಯಿಯಿಂದ ಕೆಳಕ್ಕೆ ನೇರವಾಗಿ ಇಳಿದ ಬಿರುಕಾದರೆ ಬಾಯಿ ಮಿಕ್ಕ ಭಾಗಕ್ಕಿಂತ ಬೇಗ ಒಣಗಿದೆ. ಫ್ಯಾನ್, ಕಿಟಕಿ, ಬಿಸಿಲು ಯಾವುದು ಹತ್ತಿರ ಇತ್ತು ನೋಡಿ. ಬಾಯಿಗೆ ಮಾತ್ರ ತೆಳು ಪ್ಲಾಸ್ಟಿಕ್ ಹೊದಿಸಿದರೆ ಸಾಕಾಗುತ್ತದೆ. ಹಿಡಿ ಅಂಟಿಸಿದ ಕಡೆ ಬಿಟ್ಟಿದ್ದರೆ, ಅಂಟಿಸುವಾಗ ಹಿಡಿ ಹಸಿ, ಲೋಟ ಒಣ ಇತ್ತು ಅಂತ ಅರ್ಥ. ಎರಡೂ ಒಂದೇ ಹದದಲ್ಲಿರಬೇಕು. ಎರಡೂ ಕಡೆ ಗೀರು ಹಾಕಿ, ಅದೇ ಮಣ್ಣನ್ನು ನೀರಿನಲ್ಲಿ ಕಲಸಿದ ಸ್ಲಿಪ್ ಹಚ್ಚಿ, ಒತ್ತಿ. ಆಮೇಲೆ ಒಂದೆರಡು ದಿನ ಪ್ಲಾಸ್ಟಿಕ್ ಮುಚ್ಚಿಡಿ. ಆ ಎರಡು ದಿನದಲ್ಲಿ ಎರಡರ ತೇವವೂ ಸಮ ಆಗುತ್ತದೆ.

ಗ್ಲೇಜ್ ಆದ ಮೇಲೆ ಕಂಡ ಬಿರುಕು: ಯಾವಾಗ ಬಂತು?

ಇದಕ್ಕೆ ಉತ್ತರ ಬಿರುಕಿನ ಅಂಚಿನಲ್ಲೇ ಇದೆ. ಭೂತಗನ್ನಡಿ ಹಿಡಿದು ನೋಡಿ.

ಅಂಚಿನಲ್ಲಿ ಗ್ಲೇಜ್ ಕರಗಿ ದುಂಡಗಾಗಿದ್ದರೆ, ಗ್ಲೇಜ್ ಕರಗುವ ಮೊದಲೇ ಬಿರುಕು ಇತ್ತು. ಅಂದರೆ ಒಣಗಿಸಿದ ರೀತಿ, ಬಿಸ್ಕ್, ಅಥವಾ ಗ್ಲೇಜ್ ಸುಡುವಾಗ ಕಾವು ಏರಿದ ಹೊತ್ತು, ಇಷ್ಟರಲ್ಲಿ ಹುಡುಕಿ. ಅಂಚು ಒಡೆದ ಗಾಜಿನ ಹಾಗೆ ಚೂಪಾಗಿದ್ದರೆ ಗ್ಲೇಜ್ ಗಟ್ಟಿಯಾದ ನಂತರ, ಕಿಲ್ನ್ ತಣಿಯುವಾಗ ಸೀಳಿದೆ. ಇದನ್ನು ಡಂಟಿಂಗ್ ಅನ್ನುತ್ತಾರೆ. ಮಣ್ಣಿನಲ್ಲಿರುವ ಕ್ವಾರ್ಟ್ಜ್ 573 ಡಿಗ್ರಿ ಸೆಲ್ಸಿಯಸ್ ಹತ್ತಿರ ಇದ್ದಕ್ಕಿದ್ದಂತೆ ಹಿಗ್ಗುತ್ತದೆ, ತಣಿಯುವಾಗ ಅದೇ ಜಾಗದಲ್ಲಿ ಕುಗ್ಗುತ್ತದೆ. ಹೆಚ್ಚು ಕಾವಿಗೆ ಸುಟ್ಟ ಮಣ್ಣಿನಲ್ಲಿ ಕ್ರಿಸ್ಟೋಬಲೈಟ್ (ಕ್ವಾರ್ಟ್ಜ್‌ನಂತೆಯೇ ಸಿಲಿಕಾದ ಒಂದು ರೂಪ) ಹುಟ್ಟಿದ್ದರೆ 226 ಡಿಗ್ರಿ ಆಸುಪಾಸಿನಲ್ಲಿ ಇನ್ನೊಂದು ಸಲ ಕುಗ್ಗುತ್ತದೆ. ಆ ಹೊತ್ತಿನಲ್ಲಿ ಪಾತ್ರೆಯ ಒಂದು ಭಾಗ ಬೇಗ, ಇನ್ನೊಂದು ಭಾಗ ತಡವಾಗಿ ತಣಿದರೆ ಸೀಳುತ್ತದೆ.

ಮೊದಲ ಪ್ರಶ್ನೆ: ಬಾಗಿಲು ಬೇಗ ತೆರೆದಿರಾ? ಏನು ಬಂದಿದೆ ಅಂತ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಆದರೂ 100 ಡಿಗ್ರಿಗಿಂತ ಕೆಳಗೆ ಇಳಿಯುವವರೆಗೆ ಸುಮ್ನೆ ಬಿಡಿ. ಎರಡನೇ ಪ್ರಶ್ನೆ: ಒಳಗೆ ದಪ್ಪ ಗ್ಲೇಜ್, ಹೊರಗೆ ಏನೂ ಇಲ್ಲವೇ? ಹಾಗಿದ್ದರೆ ಪಾತ್ರೆಯ ಎರಡೂ ಕಡೆ ಎಳೆತ ಒಂದೇ ಸಮ ಇರುವುದಿಲ್ಲ. ಅದೂ ಸೀಳಿಸುತ್ತದೆ.

ಬಿಸ್ಕ್ ಪಾತ್ರೆಯನ್ನು ಗ್ಲೇಜ್‌ಗೆ ಇಳಿಸುವ ಮೊದಲು ಬೆರಳ ಗಿಣ್ಣಿನಿಂದ ತಟ್ಟುವ ರೂಢಿ ಮಾಡಿಕೊಳ್ಳಿ. ಗಂಟೆಯ ಹಾಗೆ ಕಣಕಣ ಅಂದರೆ ಗಟ್ಟಿ. ಬೊದಬೊದ ಅಂದರೆ ಎಲ್ಲೋ ಕಣ್ಣಿಗೆ ಕಾಣದ ಸೀಳಿದೆ. ಅದಕ್ಕೆ ಗ್ಲೇಜ್ ಹಾಕುವುದು ದಂಡ.

ಬಿಸ್ಕ್‌ನಲ್ಲಿ ಸಿಡಿದು ಚೂರಾಗಿದೆ

ಗಾಳಿಗುಳ್ಳೆಯಿಂದ ಸಿಡಿಯಿತು ಅನ್ನುವ ಮಾತು ಎಲ್ಲ ಕಡೆ ಕೇಳುತ್ತೀರಿ. ನಿಜವಾಗಿ ಸಿಡಿಸುವುದು ನೀರು. ಪೂರ್ತಿ ಒಣಗದ ಮಣ್ಣಿನೊಳಗಿನ ತೇವ 100 ಡಿಗ್ರಿ ದಾಟಿದಾಗ ಆವಿಯಾಗುತ್ತದೆ. ಹೊರಬರಲು ದಾರಿ ಸಿಗದಿದ್ದರೆ ಗೋಡೆಯನ್ನೇ ಒಡೆಯುತ್ತದೆ. ಪೂರ್ತಿ ಒಣಗಿದ ಪಾತ್ರೆಯಲ್ಲಿ ಗಾಳಿಗುಳ್ಳೆ ಇದ್ದರೂ ಅದು ಸಿಡಿಯುವುದಿಲ್ಲ.

ಪರೀಕ್ಷೆ ತುಂಬ ಸುಲಭ. ಪಾತ್ರೆಯ ತಳವನ್ನು ಕೆನ್ನೆಗೆ ತಾಗಿಸಿ. ತಣ್ಣಗೆ ಅನಿಸಿದರೆ ಒಳಗೆ ಇನ್ನೂ ತೇವ ಇದೆ. ಸಂಶಯ ಬಂದರೆ ಕಿಲ್ನ್ ಅನ್ನು 80–90 ಡಿಗ್ರಿಯಲ್ಲಿ ಹಲವು ಗಂಟೆ ಹಿಡಿದು ಆಮೇಲೆ ಏರಿಸಿ. ದಪ್ಪ ಪಾತ್ರೆಗಳಿದ್ದರೆ ಇಡೀ ರಾತ್ರಿ ಬಿಡಿ.

ಬಿಸ್ಕ್ ಆಗಿ ಕೆಲವು ದಿನಗಳ ಮೇಲೆ ಪುಟ್ಟ ಚಕ್ಕೆ ತಾನಾಗಿ ಎದ್ದು, ಗುಳಿಯ ತಳದಲ್ಲಿ ಬಿಳಿ ಚುಕ್ಕೆ ಕಂಡರೆ ಅದು ಬೇರೆಯೇ ವಿಷಯ. ಮಣ್ಣಿನಲ್ಲಿ ಸುಣ್ಣದ ಹರಳು ಅಥವಾ ಪ್ಲಾಸ್ಟರ್ ಚೂರು ಸೇರಿದೆ. ಸುಟ್ಟ ಸುಣ್ಣ ಗಾಳಿಯ ತೇವ ಹೀರಿ ಉಬ್ಬಿ ಮೇಲಿನ ಪದರವನ್ನು ಎಬ್ಬಿಸುತ್ತದೆ. ಮಣ್ಣು ನಾದುವ ಪ್ಲಾಸ್ಟರ್ ಹಲಗೆಯ ಅಂಚು ಉದುರುತ್ತಿದೆಯಾ ನೋಡಿ. ಆ ಮಣ್ಣನ್ನು ಬೇರೆ ಮಣ್ಣಿಗೆ ಸೇರಿಸಬೇಡಿ.

ಗ್ಲೇಜ್ ಸರಿದು ಬೋಳು ಜಾಗ ಬಿಟ್ಟಿದೆ

ಬೋಳು ಜಾಗದ ಸುತ್ತ ಗ್ಲೇಜ್ ದಪ್ಪಗೆ ಸುರುಳಿಕೊಂಡಿರುತ್ತದೆ. ಇದಕ್ಕೆ ಕ್ರಾಲಿಂಗ್ ಅನ್ನುತ್ತಾರೆ. ಎಣ್ಣೆ ಸವರಿದ ತಟ್ಟೆಯ ಮೇಲೆ ನೀರು ಹನಿಹನಿಯಾಗಿ ಒಟ್ಟಾಗುವುದನ್ನು ನೋಡಿದ್ದೀರಲ್ಲ, ಹಾಗೆಯೇ.

ಬೋಳು ಜಾಗ ಬೆರಳಚ್ಚಿನಷ್ಟಿದ್ದು, ನೀವು ಪಾತ್ರೆ ಹಿಡಿಯುವ ಕಡೆಯೇ ಇದ್ದರೆ ಕೈಯ ಜಿಡ್ಡು ಕಾರಣ. ಮೂಲೆಗಳಲ್ಲಿ, ಹಿಡಿಯ ಸಂದಿಯಲ್ಲಿ ಇದ್ದರೆ ಧೂಳು ಅಥವಾ ಗ್ಲೇಜ್ ದಪ್ಪ. ಬಿಸ್ಕ್ ಅನ್ನು ಒದ್ದೆ ಸ್ಪಂಜಿನಿಂದ ಒರೆಸಿ, ಚೆನ್ನಾಗಿ ಆರಲು ಬಿಟ್ಟು, ಆಮೇಲೆ ಗ್ಲೇಜ್ ಹಾಕಿ.

ಇನ್ನೊಂದು ಸುಳಿವು ಸುಡುವ ಮೊದಲೇ ಸಿಗುತ್ತದೆ. ಗ್ಲೇಜ್ ಒಣಗಿದ ಮೇಲೆ ಬತ್ತಿದ ಕೆರೆಯ ತಳದ ಹಾಗೆ ಬಿರಿದಿದೆಯಾ? ಹಾಗಿದ್ದರೆ ಕಿಲ್ನ್‌ಗೆ ಇಡಬೇಡಿ. ಆ ಬಿರುಕುಗಳೇ ಕಾವಿನಲ್ಲಿ ಬೋಳು ಜಾಗಗಳಾಗುತ್ತವೆ. ಪೂರ್ತಿ ತೊಳೆದು, ಒಂದು ದಿನ ಒಣಗಿಸಿ, ತೆಳುವಾಗಿ ಹಾಕಿ. ತೆಳುವಾಗಿ ಹಾಕಿದರೂ ಬಿರಿದರೆ ಗ್ಲೇಜ್‌ನಲ್ಲಿ ಹಸಿ ಜೇಡಿಮಣ್ಣಿನ ಪಾಲು ಹೆಚ್ಚಿರಬಹುದು. ಆ ಬಿಳಿ ಜೇಡಿಮಣ್ಣಿನ, ಅಂದರೆ ಕೆಯೊಲಿನ್‌ನ, ಒಂದು ಭಾಗವನ್ನು ಸುಟ್ಟ ಕೆಯೊಲಿನ್‌ಗೆ ಬದಲಿಸಬೇಕಾಗುತ್ತದೆ. ಈ ಕೆಲಸ ಒಬ್ಬರೇ ಮಾಡಬೇಡಿ. ಕಲಿಸುವವರ ಜೊತೆ ಕೂತು, ಪರೀಕ್ಷೆಯ ಬಿಲ್ಲೆಗಳ ಮೇಲೆ ಮೊದಲು ಮಾಡಿ.

ಸೂಜಿಯಿಂದ ಚುಚ್ಚಿದಂತೆ ತೂತುಗಳು

ಪ್ರತಿ ತೂತೂ ಒಂದು ಗುಳ್ಳೆ ಒಡೆದ ಗುರುತು. ಸುಡುವಾಗ ಮಣ್ಣಿನಿಂದ ಅನಿಲ ಹೊರಟಿದೆ, ಗ್ಲೇಜ್ ದಾಟಿ ಬಂದಿದೆ, ಆದರೆ ಗ್ಲೇಜ್ ಮತ್ತೆ ಸೇರಿಕೊಳ್ಳುವಷ್ಟು ಸಮಯ ಸಿಕ್ಕಿಲ್ಲ.

ತೂತುಗಳು ಎಲ್ಲಿವೆ ನೋಡಿ. ಬುಡ ಹೆರೆದ ಭಾಗದಲ್ಲಿ ಮಾತ್ರ ಇದ್ದು ಮೇಲೆ ಇಲ್ಲದಿದ್ದರೆ ಗ್ಲೇಜ್‌ಗೆ ಬೈಯಬೇಡಿ. ಹೆರೆಯುವ ಉಪಕರಣ ಮಣ್ಣಿನ ನುಣುಪು ಪದರ ತೆಗೆದು ಒಳಗಿನ ಮರಳು, ಸಣ್ಣ ಗುಳಿಗಳನ್ನು ಹೊರಗೆ ತಂದಿದೆ. ಹೆರೆದ ನಂತರ ಆ ಜಾಗವನ್ನು ರಿಬ್‌ನಿಂದ ಒತ್ತಿ ನುಣುಪು ಮಾಡಿದರೆ ಮುಕ್ಕಾಲು ಪಾಲು ತೊಂದರೆ ಹೋಗುತ್ತದೆ. ಈ ಸಣ್ಣ ವಿಷಯ ತಿಳಿಯಲು ನನಗೆ ಒಂದಿಡೀ ಸೆಮಿಸ್ಟರ್ ಬೇಕಾಯಿತು.

ಎಲ್ಲ ಕಡೆ ಇದ್ದರೆ ಮೊದಲು ಗ್ಲೇಜ್ ದಪ್ಪ ಅಳೆಯಿರಿ. ಒಣಗಿದ ಗ್ಲೇಜ್‌ಗೆ ಸೂಜಿ ಚುಚ್ಚಿದರೆ ಗೊತ್ತಾಗುತ್ತದೆ. ಬಹಳಷ್ಟು ಗ್ಲೇಜ್‌ಗಳಿಗೆ 1 ಮಿಲಿಮೀಟರ್ ಹತ್ತಿರ ಸಾಕು. ಅದ್ದುವುದು ಎರಡು ಮೂರು ಸೆಕೆಂಡ್ ಮಾತ್ರ. ಬಕೆಟ್ಟಿನ ಗ್ಲೇಜ್ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತದೆ. ಹಾಗಾಗಿ ಕಣ್ಣಂದಾಜು ಸಾಲದು. 100 ಮಿಲಿಲೀಟರ್ ಗ್ಲೇಜ್ ತೂಗಿ ನೋಡಿ. ಅದ್ದುವ ಗ್ಲೇಜ್‌ಗಳಲ್ಲಿ ಅನೇಕವು 140ರಿಂದ 150 ಗ್ರಾಂ ನಡುವೆ ಚೆನ್ನಾಗಿ ಕೂರುತ್ತವೆ. ನಿಮ್ಮ ಗ್ಲೇಜ್ ಚೆನ್ನಾಗಿ ಬಂದ ದಿನದ ತೂಕವನ್ನು ಬಕೆಟ್ಟಿನ ಮೇಲೆ ಬರೆದಿಡಿ.

ದಪ್ಪ ಸರಿಯಿದ್ದೂ ತೂತು ಬರುತ್ತಿದ್ದರೆ ಸುಡುವ ಕ್ರಮ ನೋಡಬೇಕು. ಬಿಸ್ಕ್ ನಿಧಾನವಾಗಿ, ಕೋನ್ 04ರವರೆಗೆ (ಕೋನ್ ಅಂದರೆ ಗೊತ್ತಾದ ಕಾವಿಗೆ ಬಾಗುವ ಪುಟ್ಟ ಶಂಕು, ಅದರ ಅಂಕಿ ಕಾವಿನ ಗುರುತು), ಅಂದರೆ ಸುಮಾರು 1060 ಡಿಗ್ರಿವರೆಗೆ ಸುಟ್ಟರೆ ಅನಿಲ ಅಲ್ಲೇ ಹೊರಟುಹೋಗುತ್ತದೆ. ಗ್ಲೇಜ್ ಸುಡುವಾಗ ಕೊನೆಯ ಕಾವಿನಲ್ಲಿ 15–20 ನಿಮಿಷ ಹಿಡಿದರೆ ತೂತುಗಳು ಮುಚ್ಚಿಕೊಳ್ಳಲು ಸಮಯ ಸಿಗುತ್ತದೆ. ಹಿಡಿದ ಸಮಯವೂ ಕಾವಿಗೆ ಸೇರುತ್ತದೆ. ಕರಗಿ ಸುಲಭವಾಗಿ ಕೆಳಗೆ ಹರಿಯುವ ಗ್ಲೇಜ್ ಆಗಿದ್ದರೆ ಜಾಸ್ತಿ ಹಿಡಿಯಬೇಡಿ.

ಇಳಿದು ಹಲಗೆಗೆ ಅಂಟಿದೆ, ಅಥವಾ ಒರಟಾಗಿ ಉಳಿದಿದೆ

ಎರಡಕ್ಕೂ ಮೊದಲ ಸಾಕ್ಷಿ ಕೋನ್. ಕಿಲ್ನ್ ಪರದೆಯಲ್ಲಿ ಕಾಣುವ ಅಂಕಿಯನ್ನು ಮಾತ್ರ ನಂಬಬೇಡಿ. ಕಿಲ್ನ್ ಒಳಗಿನ ಪ್ರತಿ ಹಲಗೆಯಲ್ಲೂ ಒಂದು ಕೋನ್ ಇಡಿ. ಕೋನ್ 6 ಬಾಗುವುದು ಸುಮಾರು 1220ರಿಂದ 1240 ಡಿಗ್ರಿಯಲ್ಲಿ, ಕಾವು ಏರಿಸಿದ ವೇಗದ ಮೇಲೆ. ಕೋನ್ ಪೂರ್ತಿ ಮಲಗಿದ್ದರೆ ಕಾವು ಜಾಸ್ತಿಯಾಗಿದೆ. ನೆಟ್ಟಗೆ ನಿಂತಿದ್ದರೆ ಸಾಲದಾಗಿದೆ. ಕೋನ್ ಸರಿಯಿದ್ದರೆ ದಪ್ಪ ನೋಡಿ. ಇಳಿಯುವ ಗ್ಲೇಜ್ ಇದ್ದಾಗ ಬುಡದಿಂದ 5–6 ಮಿಲಿಮೀಟರ್‌ವರೆಗೆ ಗ್ಲೇಜ್ ಕೂರದಂತೆ ಮೇಣ ಹಚ್ಚಿ. ಹಲಗೆಗೆ ಅಂಟಿದ ಗ್ಲೇಜ್ ಉಜ್ಜಿ ತೆಗೆಯುವಾಗ ಕನ್ನಡಕ, ಗವಸು, ಮಾಸ್ಕ್ ಮೂರೂ ಇರಲಿ.

ಗ್ಲೇಜ್ ತುಂಬ ಜೇಡರ ಬಲೆಯಂಥ ಗೆರೆಗಳು

ಕಿಲ್ನ್‌ನಿಂದ ತೆಗೆದ ಪಾತ್ರೆ ಟಿಣ್ ಟಿಣ್ ಅನ್ನುತ್ತಿದ್ದರೆ ಗೆರೆಗಳು ಆಗಲೇ ಬೀಳುತ್ತಿವೆ. ಇದು ಕ್ರೇಜಿಂಗ್. ತಣಿಯುವಾಗ ಗ್ಲೇಜ್ ಮಣ್ಣಿಗಿಂತ ಜಾಸ್ತಿ ಕುಗ್ಗಿದೆ. ಚಿಕ್ಕದಾದ ಅಂಗಿ ಹೊಲಿಗೆ ಬಿಟ್ಟ ಹಾಗೆ. ಸಂಶಯವಿದ್ದರೆ ಶಾಯಿ ಸವರಿ ಒರೆಸಿ. ಗೆರೆಗಳಿದ್ದರೆ ಎದ್ದು ಕಾಣುತ್ತವೆ.

ಮೊದಲು ಗ್ಲೇಜ್ ತೆಳು ಮಾಡಿ ನೋಡಿ. ಆಮೇಲೆ ಮಣ್ಣು ತನ್ನ ಕೋನ್‌ವರೆಗೆ ಪೂರ್ತಿ ಬೆಂದಿದೆಯಾ ನೋಡಿ. ಎರಡೂ ಸರಿಯಿದ್ದರೆ ಪಾಕ ಬದಲಾಗಬೇಕು: ಸ್ವಲ್ಪ ಸ್ವಲ್ಪವಾಗಿ ಸಿಲಿಕಾ ಏರಿಸುವುದು, ಸೋಡಿಯಂ ಹೆಚ್ಚಿರುವ ಫೆಲ್ಡ್‌ಸ್ಪಾರ್ (ಗ್ಲೇಜ್ ಕರಗಿಸುವ ಖನಿಜ) ಇಳಿಸುವುದು. ಒಂದೊಂದು ಬದಲಾವಣೆಗೂ ಒಂದೊಂದು ಬಿಲ್ಲೆ. ಗೆರೆ ಬಿದ್ದ ಪಾತ್ರೆ ಅಂದಕ್ಕೆ ಇರಲಿ. ಅದು ಗಟ್ಟಿಯಾಗಿರುವುದಿಲ್ಲ, ಗೆರೆಯೊಳಗೆ ಕೊಳೆಯೂ ಸೇರುತ್ತದೆ.

ಇದಕ್ಕೆ ತದ್ವಿರುದ್ಧದ ದೋಷ ಶಿವರಿಂಗ್. ಬಾಯಿಯ ಅಂಚಿನಲ್ಲಿ, ಹಿಡಿಯ ಏಣಿನಲ್ಲಿ ಗ್ಲೇಜ್ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಇಲ್ಲಿ ಗ್ಲೇಜ್ ತೀರಾ ಕಡಿಮೆ ಕುಗ್ಗಿದೆ. ಆ ಪಾತ್ರೆಯಲ್ಲಿ ಯಾರೂ ಏನನ್ನೂ ಕುಡಿಯಬಾರದು, ತಿನ್ನಬಾರದು. ಗಾಜಿನ ಚೂರು ಹೊಟ್ಟೆಗೆ ಹೋಗುತ್ತದೆ. ಯಾರಿಗಾದರೂ ಕೊಟ್ಟಿದ್ದರೆ ಸಂಕೋಚ ಪಡದೆ ವಾಪಸ್ ಕೇಳಿ.

ಹೂದಾನಿಯ ಕೆಳಗೆ ನೀರು ಜಿನುಗುತ್ತದೆ

ಮಣ್ಣು ಪೂರ್ತಿ ಬೇಯದೆ ರಂಧ್ರಗಳು ಉಳಿದಿವೆ. ಗ್ಲೇಜ್ ಹಾಕದ, ಅದೇ ಕಾವಿಗೆ ಸುಟ್ಟ ಒಂದು ತುಂಡನ್ನು ತೂಗಿ. ಎರಡು ಗಂಟೆ ನೀರಿನಲ್ಲಿ ಕುದಿಸಿ, ಅದರಲ್ಲೇ ತಣಿಯಲು ಬಿಟ್ಟು, ಮೇಲಿನ ನೀರು ಒರೆಸಿ ಮತ್ತೆ ತೂಗಿ. 100 ಗ್ರಾಂ ಇದ್ದದ್ದು 105 ಆದರೆ 5 ಶೇಕಡಾ ಹೀರಿದೆ. ಸ್ಟೋನ್‌ವೇರ್ (ಹೆಚ್ಚು ಕಾವಿಗೆ ಸುಟ್ಟ ಗಟ್ಟಿ) ಪಾತ್ರೆಗೆ ಇದು ಜಾಸ್ತಿ. 2 ಶೇಕಡಾ ಒಳಗೆ ಇದ್ದರೆ ನಿಶ್ಚಿಂತೆ. ಮಣ್ಣಿಗೆ ಹೇಳಿದ ಕೋನ್ ಮತ್ತು ನೀವು ಸುಟ್ಟ ಕೋನ್ ಎರಡೂ ಒಂದೇನಾ ಅಂತ ನೋಡಿ.

ಇಲ್ಲಿ ನಿಲ್ಲಿಸಿ, ತಿಳಿದವರನ್ನು ಕರೆಯಿರಿ

ಕಿಲ್ನ್ ಒಂದು ಕಾವಿನಲ್ಲಿ ನಿಂತುಬಿಟ್ಟರೆ, ಸುಟ್ಟ ತಂತಿಯ ವಾಸನೆ ಬಂದರೆ, ಪ್ಲಗ್ ಬಿಸಿಯಾದರೆ ಮೇನ್ ಸ್ವಿಚ್ ಆರಿಸಿ ಹೊರಗೆ ಬನ್ನಿ. ಮುಚ್ಚಳ ಬಿಚ್ಚಿ ಕಾಯಿಲ್ ನೋಡುವ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಡಿ. ಸುಡುವಾಗ ಕಾರ್ಬನ್ ಮೊನಾಕ್ಸೈಡ್ ಹೊರಡುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ಕಿಲ್ನ್ ಕೋಣೆಯಲ್ಲಿ ತಲೆ ಸುತ್ತಿದರೆ, ತಲೆನೋವು ಬಂದರೆ ತಕ್ಷಣ ಬಯಲಿಗೆ ಬನ್ನಿ, ಇನ್ನೊಬ್ಬರಿಗೆ ಹೇಳಿ, ವೈದ್ಯರನ್ನು ಕಾಣಿ.

ಧೂಳಿನ ವಿಷಯದಲ್ಲಿ ಯಾವ ರಿಯಾಯಿತಿಯೂ ಬೇಡ. ಒಣಮಣ್ಣಿನ, ಗ್ಲೇಜ್ ಪುಡಿಯ ಧೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಉಸಿರಿನಲ್ಲಿ ಹೋದರೆ ಸಿಲಿಕೋಸಿಸ್ ಬರುತ್ತದೆ, ಅದು ವಾಸಿಯಾಗುವ ಕಾಯಿಲೆ ಅಲ್ಲ. ಒಣಗಿದ ಪಾತ್ರೆಯನ್ನು ಉಜ್ಜಬೇಡಿ, ಒದ್ದೆ ಸ್ಪಂಜು ಬಳಸಿ. ನೆಲ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಪುಡಿ ತೂಗುವಾಗ ಮುಖಕ್ಕೆ ಸರಿಯಾಗಿ ಕೂರುವ ಎನ್95 ಅಥವಾ ಅದಕ್ಕಿಂತ ಒಳ್ಳೆಯ ಮಾಸ್ಕ್ ಹಾಕಿ. ಬೇರಿಯಂ ಕಾರ್ಬೊನೇಟ್, ಮ್ಯಾಂಗನೀಸ್, ಸೀಸ ಇರುವ ಡಬ್ಬಗಳನ್ನು ಕಲಿಸುವವರು ಪಕ್ಕದಲ್ಲಿ ಇಲ್ಲದೆ ತೆರೆಯಬೇಡಿ.

ನೀವೇ ಬೆರೆಸಿದ ಗ್ಲೇಜ್ ಹಾಕಿದ ಲೋಟದಲ್ಲಿ ಒಂದು ನಿಂಬೆಹೋಳು ಇಟ್ಟು ಬೆಳಗ್ಗೆ ನೋಡಿ. ಆ ಜಾಗದ ಬಣ್ಣವೋ ಹೊಳಪೋ ಬದಲಾಗಿದ್ದರೆ ಗ್ಲೇಜ್ ಹುಳಿಗೆ ಕರಗುತ್ತಿದೆ, ಊಟಕ್ಕೆ ಬೇಡ. ಬದಲಾಗದಿದ್ದ ಮಾತ್ರಕ್ಕೆ ಸುರಕ್ಷಿತ ಅಂತಲೂ ಅಲ್ಲ. ಸೀಸ, ಕ್ಯಾಡ್ಮಿಯಂ ಹೊರಬರುತ್ತಿದೆಯಾ ಅನ್ನುವುದನ್ನು ಪ್ರಯೋಗಾಲಯವೇ ಹೇಳಬೇಕು.

ಕಲಿಸುವವರ ಹತ್ತಿರ ಹೋಗುವಾಗ ಬರಿ "ಕೆಟ್ಟುಹೋಯಿತು" ಅನ್ನಬೇಡಿ. ಒಡೆದ ಪಾತ್ರೆಯ ಎಲ್ಲ ಚೂರು, ಆ ಹಲಗೆಯ ಕೋನ್, ಗ್ಲೇಜ್ ತೂಕ, ಎಷ್ಟು ದಿನ ಒಣಗಿಸಿದಿರಿ ಅನ್ನುವ ಟಿಪ್ಪಣಿ ತೆಗೆದುಕೊಂಡು ಹೋಗಿ. ಅದೇ ಮಣ್ಣಿನ, ಅದೇ ಕಿಲ್ನ್‌ನ, ಚೆನ್ನಾಗಿ ಬಂದ ಒಂದು ಪಾತ್ರೆಯೂ ಜೊತೆಗಿರಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಬೇಗ ಕಾಣುತ್ತದೆ.